ಅರ್ಥ ಕಳೆದುಕೊಂಡ ಇಂಡಿಕೇಟರ್

ಕಾರು ಇದ್ದವರ ಮನೆಯಲ್ಲಿ ಫಜೀತಿಗಳಿಗೇನೂ ಬರವಿಲ್ಲ. ನಮ್ಮ ಮನೆಯ ವಿಶೇಷವೆಂದರೆ ಎಲ್ಲ ಫಜೀತಿಯೂ ಇಂಡಿಕೇಟರ್ ಎಂಬ ಮಿಟುಕುವ ದೀಪದಿಂದಲೇ ಆಗುತ್ತಿತ್ತು.

ತೊಂಬತ್ತರ ದಶಕದ ಮಾತು. ಧಾರವಾಡದವರಾದ ನಾವು ಆಗ ವಡೋದರದ ಹೊರಗೆ, ಕೊಯಾಲಿಯ ಟೌನ್‌ಶಿಪ್ಪಿನಲ್ಲಿದ್ದೆವು. ನಮ್ಮವರು ರಿಫೈನರಿಯ ಅಕೌಂಟ್ಸ್ ವಿಭಾಗದಲ್ಲಿ ಆಫೀಸರು. ನನಗೆ ಪಟ್ಟಣದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಶಾಲೆಯ ಹೊತ್ತಿಗೆ ಟೌನ್‌ಶಿಪ್ಪಿನಿಂದ ಬಸ್ಸಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಡ್ರೈವಿಂಗ್ ಲೈಸೆನ್ಸ್ ಸಿಗದಿದ್ದರೆ ಕೆಲಸದ ಆಸೆ ಬಿಡಬೇಕು. ನನಗೆ ಆ ಕೆಲಸ ಬೇಕೇ ಬೇಕಿತ್ತು. ನಮ್ಮವರು ಮಾತ್ರ ನನಗೆ ಲೈಸೆನ್ಸ್ ಸಿಗುವುದಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಹೇಳುತ್ತಿದ್ದರು.

ಅರ್ಥ

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಅದರಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಉರಿಯುತ್ತಿತ್ತು, ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪ ಮಿಟುಕುತ್ತಿತ್ತು. ನಮ್ಮವರು ಅದನ್ನು ಗ್ಯಾರೇಜಿಗೆ ಒಯ್ದು, ರಿಪೇರಿ ಮಾಡಿಸದೆಯೇ ಮುಖ ಊದಿಸಿಕೊಂಡು ವಾಪಸ್ಸು ಬಂದರು.

"ಆ ಮೆಕ್ಯಾನಿಕ್‌ಗ ಸೊಕ್ಕು ಭಾಳ. 'ಸಾಹೇಬ್, ಇಸ್ ಗಾಡೀ ಮೇಂ ಅರ್ಥ್ ನಹೀಂ ಹೈ' ಅಂದ. ನಾವು ತಗೊಂಡ ಕಾರಿಗೆ ಅರ್ಥ ಇಲ್ಲಂತ ಹೇಳಾಕ ಇಂವ ಯಾರು?"

ನಾನು ನಕ್ಕು ನಕ್ಕು ಸುಸ್ತಾದೆ. ಬಲ್ಬಿಗೆ ಬಂದ ಕರೆಂಟು ಕಾರಿನ ತಗಡಿನ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಆ ದಾರಿಗೇ ಗ್ಯಾರೇಜಿನವರು ಇಂಗ್ಲಿಷಿನಲ್ಲಿ ಅರ್ಥ್, ಅಂದರೆ ಅರ್ಥಿಂಗ್, ಅನ್ನುತ್ತಾರೆ. ತುಕ್ಕು ಹಿಡಿದು ದಾರಿ ಕಟ್ಟಿಹೋದರೆ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ಪಾರಾಗುತ್ತದೆ. ಇದನ್ನೆಲ್ಲ ಹೇಳುತ್ತಲೇ ದೀಪದ ಹಿಂದಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಸ್ಕ್ರೂ ಬಿಗಿ ಮಾಡಿದೆ. ದೀಪಗಳು ತಮ್ಮ ತಮ್ಮ ಕೆಲಸ ಹಿಡಿದವು.

ಕಾರಿಗೆ ಅರ್ಥ ಬಂತು ಎಂದೆ. ನಮ್ಮವರು ಒಪ್ಪಲಿಲ್ಲ. "ಅರ್ಥ ಮೊದಲ ಇತ್ತು, ನಿನಗ ಈಗ ತಿಳೀತು ಅಷ್ಟ," ಎಂದರು.

ಚಾಲು ಛೆ

ರಜೆಗೆ ಅಹಮದಾಬಾದಿನಲ್ಲಿ ನಾದಿನಿಯ ಮನೆಗೆ ಹೋಗಿದ್ದೆವು. ಧಾರವಾಡದಿಂದ ಅತ್ತೆಯೂ ಬಂದಿದ್ದರು. ಅಲ್ಲಿಯ ವಸ್ತ್ರಾಪುರದ ರಸ್ತೆಗಳು ಬೆಳಿಗ್ಗೆ ಖಾಲಿ ಇರುತ್ತವೆಂದು ನಾನು ಎಲ್ ಬೋರ್ಡ್ ಹಾಕಿಕೊಂಡು ಕಾರು ಓಡಿಸಿದೆ. ಪಕ್ಕದಲ್ಲಿ ನಮ್ಮವರು, ಹಿಂದೆ ಜಪಮಾಲೆ ಹಿಡಿದ ಅತ್ತೆ.

ತಿರುವು ದಾಟಿ ಸ್ಟೀರಿಂಗ್ ನೇರವಾದ ಕೂಡಲೆ ಇಂಡಿಕೇಟರಿನ ಕಡ್ಡಿ ತಾನಾಗಿ ಸ್ವಸ್ಥಾನಕ್ಕೆ ಬರಬೇಕು. ನಮ್ಮ ಕಾರಿನದು ಸೋಮಾರಿ, ಬರಲೇ ಇಲ್ಲ. ದೀಪ ಮಿಟುಕುತ್ತಲೇ ಇತ್ತು, ನಾನು ಗಮನಿಸಲಿಲ್ಲ. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಬೆನ್, ಚಾಲು ಛೆ" ಎಂದು ಹೇಳಿ ಹೋದ. ಅಕ್ಕಾ, ದೀಪ ಉರಿಯುತ್ತಿದೆ ಎಂದಷ್ಟೇ ಅದರ ಅರ್ಥ.

ಅತ್ತೆಗೆ ಗುಜರಾತಿ ಬಾರದು. ಆದರೆ ಚಾಲೂ ಎಂದರೆ ನಮ್ಮ ಕಡೆ ಕಿಲಾಡಿ ಹೆಂಗಸು, ಛೆ ಎಂದರೆ ಛೆ. ಜಪ ನಿಂತಿತು.

"ಗುರುತು ಪರಿಚಯ ಇಲ್ಲದಾಂವಗ ಒಂದ ನೋಟಕ್ಕ ತಿಳೀತು. ನನ್ನ ಮಗಗ ಇನ್ನೂ ತಿಳೀವಲ್ದು," ಎಂದರು.

ಕೈಸನ್ನೆ

ಮೊದಲ ಪರೀಕ್ಷೆಯಲ್ಲಿ ಇಂಡಿಕೇಟರ್ ಹಾಕಲು ಮರೆತು ನಪಾಸಾಗಿದ್ದೆ. ಎರಡನೆಯದು ಶಾಲೆ ತೆರೆಯುವ ವಾರದಲ್ಲೇ ಬಂತು. ಇನ್ನೊಮ್ಮೆ ನಪಾಸಾದರೆ ಕೆಲಸ ಹೋದಂತೆಯೇ. ವಡೋದರದ ಆರ್‌ಟಿಓ ಮೈದಾನದಲ್ಲಿ ಇನ್‌ಸ್ಪೆಕ್ಟರು ನನ್ನ ಪಕ್ಕದಲ್ಲಿ ಕುಳಿತರು. ನಮ್ಮವರು ದೂರದ ಬೇವಿನ ಮರದ ಕೆಳಗೆ ನಿಂತರು.

ಇನ್‌ಸ್ಪೆಕ್ಟರು ಎಡಕ್ಕೆ ತಿರುಗಿಸಲು ಹೇಳಿದರು. ಕಡ್ಡಿ ಒತ್ತಿದೆ. ಡ್ಯಾಶ್‌ಬೋರ್ಡಿನ ಬಾಣ ಹೊತ್ತಿಕೊಂಡಿತು, ಮಿಟುಕಲಿಲ್ಲ. ಇನ್‌ಸ್ಪೆಕ್ಟರು ನನ್ನತ್ತ ನೋಡಿದರು. ನನ್ನ ಬಾಯಿಂದ ಪಾಠವೇ ಹೊರಟಿತು. ಮಿಟುಕಿಸುವ ಡಬ್ಬಿಯೊಳಗೆ ಒಂದು ಲೋಹದ ಪಟ್ಟಿ ಇದೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವ ಹಾಗೆ. ಕರೆಂಟು ಹರಿದು ಕಾದರೆ ಬಾಗಿ ಸಂಪರ್ಕ ಕಡಿಯುತ್ತದೆ, ಆರಿದರೆ ಮತ್ತೆ ಕೂಡುತ್ತದೆ. ಒಂದು ಬಲ್ಬು ಸುಟ್ಟರೆ ಕರೆಂಟು ಕಡಿಮೆಯಾಗಿ ಪಟ್ಟಿ ಸಾಕಷ್ಟು ಕಾಯುವುದಿಲ್ಲ. ಎಂದರೆ ಎಡಗಡೆಯ ಒಂದು ಬಲ್ಬು ಹೋಗಿದೆ.

ಪಾಠ ಸಾಕು, ಕೈಸನ್ನೆ ಮಾಡಿ ತಿರುಗಿಸಿ ಎಂದರು ಅವರು. ಎಡಕ್ಕೆ ತಿರುಗುವಾಗ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಗುಂಡಗೆ ತಿರುಗಿಸಬೇಕು. ತಿರುಗಿಸಿದೆ.

ಬೇವಿನ ಮರದ ಕೆಳಗಿದ್ದವರಿಗೆ ನಾನು ಕರೆದ ಹಾಗೆ ಕಂಡಿತು. ಓಡಿ ಬಂದರು, ನೇರವಾಗಿ ಕಾರಿನ ಮುಂದಕ್ಕೆ. ಬ್ರೇಕನ್ನೂ ಕ್ಲಚ್ಚನ್ನೂ ಒಟ್ಟಿಗೆ ತುಳಿದೆ. ಕಾರು ಅವರ ಮೊಣಕಾಲಿಗೆ ತಾಗದ ಹಾಗೆ ನಿಂತಿತು, ಎಂಜಿನ್ನೂ ಆರಲಿಲ್ಲ.

ಅವರು ಏದುಸಿರು ಬಿಡುತ್ತ ಕಿಟಕಿಗೆ ಬಾಗಿ, "ಯಾಕ ಕರದಿ?" ಎಂದರು.

ಈ ಮನುಷ್ಯ ಯಾರು, ಏನು ಕೇಳುತ್ತಿದ್ದಾನೆ ಎಂದರು ಇನ್‌ಸ್ಪೆಕ್ಟರು, ಪೆನ್ನು ಕೈಯಲ್ಲಿ ಹಿಡಿದು. ಗಂಡ ಎಂದರೆ ಇಬ್ಬರೂ ಸೇರಿ ನಾಟಕ ಹೂಡಿದ್ದೇವೆ ಅಂದುಕೊಂಡಾರೆಂದು ನನಗೆ ಭಯವಾಯಿತು.

"ಪತಾ ನಹೀಂ ಸಾಹೇಬ್," ಎಂದೆ. "ಕೋಯೀ ಔರ್ ಭಾಷಾ ಹೈ." ಗೊತ್ತಿಲ್ಲ, ಅದ್ಯಾವುದೋ ಬೇರೆ ಭಾಷೆ ಎಂದು.

ಇಂಥವರು ಅಡ್ಡ ಬಂದರೂ ಕಾರು ನಿಲ್ಲಿಸಿದವರಿಗೆ ಇನ್ನೇನು ಪರೀಕ್ಷೆ ಎಂದು ಇನ್‌ಸ್ಪೆಕ್ಟರು ಪಾಸು ಬರೆದರು. ನಮ್ಮವರನ್ನು ಮಾತ್ರ ಕಾವಲುಗಾರನ ಕೈಯಲ್ಲಿ ಮೈದಾನದಿಂದ ಹೊರಗೆ ಹಾಕಿಸಿದರು. ಗೇಟಿನಾಚೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ಆ ಪರಿಚಯವಿಲ್ಲದ ಮನುಷ್ಯನನ್ನು ಹತ್ತಿಸಿಕೊಂಡು, ಕೊಯಾಲಿಯವರೆಗೂ ನಾನೇ ಕಾರು ಓಡಿಸಿದೆ.