ಚೀಲದ ಹಿಂದಿನ ಮೀಟರು

ಮೀಟರ್ ನೋಡುವವನ ಬದುಕಿನಲ್ಲಿ ಫಜೀತಿಗಳು ಆಗುತ್ತಲೇ ಇರುತ್ತವೆ. ಧೈರ್ಯವಂತರಾದರೆ ಮನೆಗೆ ಹೋಗಿ ಮರೆತುಬಿಡುತ್ತಾರೆ, ನನ್ನಂಥ ಪುಕ್ಕಲನಾದರೆ ಊರೆಲ್ಲ ನಗುತ್ತದೆ. ನನಗೆ ಕತ್ತಲೆ ಎಂದರೆ ಭಯ, ಇಲಿ ಎಂದರೆ ಭಯ, ಮುಚ್ಚಿದ ಕೋಣೆ ಎಂದರೆ ಕೈಕಾಲು ತಣ್ಣಗಾಗುತ್ತವೆ. ಅಂಥವನಿಗೆ ಕರೆಂಟ್ ಆಫೀಸಿನಲ್ಲಿ ಮೀಟರ್ ನೋಡುವ ದಿನಗೂಲಿ ಕೆಲಸ ಸಿಕ್ಕಿತು. ಮೊದಲು ಬಸವಕಲ್ಯಾಣ, ಆಮೇಲೆ ಹುಮನಾಬಾದ್. ಹನ್ನೆರಡು ವರ್ಷ ಖಾಯಂ ಆಗುವ ಆಸೆಯಲ್ಲೇ ಕಳೆದೆ. ಸೇರಿದ ದಿನವೇ ಸಾಹೇಬರು ಹೇಳಿದ್ದರು: "ನೋಡಪಾ, ನಿನ್ನ ಮ್ಯಾಲ ಒಂದು ಕಂಪ್ಲೇಂಟ್ ಬಂತಂದ್ರ ಸೀದಾ ಮನಿಗಿ. ಖಾಯಂ ಗೀಯಂ ಮರ್ತುಬಿಡು." ಹೀಗಾಗಿ ಕತ್ತಲೆಯ ಭಯದ ಜೊತೆಗೆ ಕಂಪ್ಲೇಂಟಿನ ಭಯವೂ ಸೇರಿಕೊಂಡಿತು.

ನನ್ನ ಜೀವ ತಿಂದದ್ದು ಹಳೆಯ ಕಿರಾಣಿ ಅಂಗಡಿಗಳು. ಕಲ್ಲು ಮಣ್ಣಿನ ದಪ್ಪ ಗೋಡೆ, ಮುಂದೆ ಹಲಗೆ ಬಾಗಿಲು, ಹಿಂದೆ ಕಿಟಕಿಯೇ ಇಲ್ಲದ ಕೋಣೆ. ಊರಿಗೆ ಕರೆಂಟ್ ಬಂದಾಗ ಯಾವ ಸಾವುಕಾರರೂ ಮುಂದಿನ ಗೋಡೆಯನ್ನು ಮೀಟರಿಗೆ ಬಿಟ್ಟುಕೊಡಲಿಲ್ಲ. ಅಲ್ಲಿ ಡಬ್ಬಿ ಸಾಲಾಗಿ ಇಡಬೇಕಲ್ಲ! ಆದ್ದರಿಂದ ಮೀಟರು ಹಿಂದಿನ ಕೋಣೆಗೆ, ಅಕ್ಕಿ ಚೀಲಗಳ ಹಿಂದಿನ ಗೋಡೆಗೆ ಹೋಯಿತು. ಮುಂದೆ ಅಂಗಡಿ ಮುಚ್ಚಿತು, ಚೀಲಗಳು ಹೋದವು, ಅದೇ ಕಟ್ಟಡಕ್ಕೆ ದವಾಖಾನೆ ಬಂತು, ಬ್ಯೂಟಿ ಪಾರ್ಲರ್ ಬಂತು, ಎಸ್‌ಟಿಡಿ ಬೂತ್ ಬಂತು. ಮೀಟರನ್ನು ಮಾತ್ರ ಯಾರೂ ಕದಲಿಸಲಿಲ್ಲ. ಯಾರು ಏನೇ ಇಟ್ಟರೂ ಅವರ ಕಟ್ಟಕಡೆಯ ಕತ್ತಲೆ ಮೂಲೆಗೆ ನಾನು ತಿಂಗಳಿಗೊಮ್ಮೆ ಹೋಗಲೇಬೇಕಿತ್ತು.

ಎರಡು ಕಿಲೋ ತೊಗರಿಬ್ಯಾಳಿ

ಕಿಲ್ಲಾರಿ ಕಡೆ ಭೂಮಿ ನಡುಗಿದ ಮೇಲೆ ಬಸವಕಲ್ಯಾಣದಲ್ಲಿ ಎಷ್ಟೋ ತಿಂಗಳು ಯಾರಿಗೂ ಕಲ್ಲಿನ ಗೋಡೆಯ ಮೇಲೆ ನಂಬಿಕೆ ಇರಲಿಲ್ಲ. ಪೇಟೆಯ ಒಬ್ಬ ಕಿರಾಣಿ ಸಾವುಕಾರರು ಅಂಗಡಿಯ ಎದುರು ರಸ್ತೆಯಲ್ಲೇ ತಾಡಪತ್ರಿ ಕಟ್ಟಿ, ತಕ್ಕಡಿ ಇಟ್ಟುಕೊಂಡು ಕೂತಿದ್ದರು. ಅಂಗಡಿಯ ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು. ಸಾಮಾನೆಲ್ಲ ಒಳಗೆ, ತರುವವರು ಯಾರೂ ಇಲ್ಲ. ಅಷ್ಟರಲ್ಲಿ ನಾನು ಹೋದೆ.

"ಮೀಟರ್ ನೋಡ್ಲಾಕ ಒಳಗ ಹೊಂಟೀರೇನ್ರಿ?" ಎನ್ನುವಾಗ ಸಾವುಕಾರರ ಮುಖ ಅರಳಿತು.

"ಹೋಗ್ಬೇಕಲ್ರಿ, ಏನ್ ಮಾಡ್ಲಿ."

"ಹೋಗ್ರಿ, ಹೋಗ್ರಿ. ಹ್ಯಾಂಗೂ ಹೊಂಟೀರಿ, ಬರೂಮುಂದ ಎರಡು ಕಿಲೋ ತೊಗರಿಬ್ಯಾಳಿ ತೊಗೊಂಡ್ ಬರ್ರಿ. ಎಡಕ್ಕ ಎರಡನೇ ಡಬ್ಬಿ."

ಗಿರಾಕಿಗಳೂ ಸುಮ್ಮನಿರಲಿಲ್ಲ. ಒಬ್ಬ ಮುದುಕಿ "ಯಪ್ಪಾ, ನನಗೊಂದು ಬಟ್ಟಿ ಸಾಬಾಣ" ಎಂದಳು. ಇನ್ನೊಬ್ಬರಿಗೆ ಬೆಲ್ಲ ಬೇಕಿತ್ತು. ಸಾವುಕಾರರು ನನ್ನ ನಡುವಿಗೆ ಬಾವಿ ಹಗ್ಗ ಕಟ್ಟಿದರು, ಗೋಡೆ ಬಿದ್ದರೆ ಎಳೆದುಕೊಳ್ಳಲಿಕ್ಕೆ ಅಂತೆ. ಒಲ್ಲೆ ಅಂದರೆ ಕಂಪ್ಲೇಂಟ್ ಬರೆದಾರು ಎಂದು ಒಳಗೆ ಹೋದೆ. ಮಾಳಿಗೆಯಿಂದ ಒಂದು ಹಿಡಿ ಮಣ್ಣು ತಲೆಯ ಮೇಲೆ ಬಿತ್ತು. ಅಷ್ಟೇ, ಕೈಗೆ ಸಿಕ್ಕ ಡಬ್ಬಿ, ಸಾಬೂನು, ಬೆಲ್ಲ ಬಾಚಿಕೊಂಡು ಓಡಿ ಬಂದೆ. ಎಲ್ಲರೂ ಭೇಷ್ ಎಂದರು. ಬರೆಯಲು ಪುಸ್ತಕ ತೆಗೆದಾಗ ಗೊತ್ತಾಯಿತು, ನಾನು ಮೀಟರನ್ನೇ ನೋಡಿರಲಿಲ್ಲ.

ಕಣ್ಣಲ್ಲಿ ನೀರು ಬಂತು. ದೇವರನ್ನು ನೆನೆದು ಮತ್ತೆ ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಸಾವುಕಾರರು ಕೂಗಿದರು: "ಮತ್ತ ಹೊಂಟೀರೇನ್ರಿ? ಭಾಳ ಛಲೋ ಆತು, ಉಪ್ಪಿನ ಚೀಲ ಒಂದು ಉಳದದ ನೋಡ್ರಿ!"

ಬ್ಯಾಟರಿ ಡಾಕ್ಟರು

ಅದೇ ಪೇಟೆಯ ಇನ್ನೊಂದು ಕಿರಾಣಿ ಅಂಗಡಿ ದವಾಖಾನೆಯಾಯಿತು. ಸಕ್ಕರೆ ಡಬ್ಬಿಯ ಕಪಾಟಿನಲ್ಲಿ ಔಷಧಿ ಬಾಟಲಿ, ಚೀಲದ ಕೋಣೆಯಲ್ಲಿ ರೋಗಿ ಮಲಗುವ ಮಂಚ, ಮಂಚಕ್ಕೊಂದು ಪರದೆ. ಪರದೆಯ ಈಚೆ ಗೋಡೆಯಲ್ಲಿ ಮೀಟರು. ನಾನು ಮೀಟರ್ ನೋಡಲು ಹೋದ ದಿನ ಡಾಕ್ಟರು ನಾರಾಯಣಪುರದ ಒಬ್ಬ ರೈತರ ಎದೆ ಪರೀಕ್ಷೆ ಮಾಡಿ, "ಹಂಗೇ ಮಲಕೊಂಡಿರ್ರಿ, ಬಂದೆ" ಎಂದು ಹೊರಗೆ ಹೋಗಿದ್ದರು. ಪರದೆಯ ಆಚೆ ಮನುಷ್ಯರಿರುವುದು ನನಗೆ ಗೊತ್ತಿರಲಿಲ್ಲ. ಸ್ಟೂಲ್ ಹತ್ತಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ, ಮೀಟರು ಒಳಗೆಲ್ಲ ಕಪ್ಪಾಗಿತ್ತು. ಹೊರಗಿದ್ದ ಕಂಪೌಂಡರಿಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ: "ಒಳಗ ಪೂರಾ ಸುಟ್ಟದ್ರಿ. ಭಾಳ ಅಂದ್ರ ಇನ್ನೊಂದು ತಿಂಗಳು ನಡೀತದ. ಹಳೇ ಮಾಲು, ರಿಪೇರಿ ಆಗಂಗಿಲ್ಲ."

ಪರದೆ ಹಾರಿತು. ರೈತರು ಅಂಗಿಯನ್ನು ಕೈಯಲ್ಲಿ ಹಿಡಿದು, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಓಡಿದರು. ಡಾಕ್ಟರು ಬೆಂಕಿಯಾದರು. "ನಿಮ್ಮ ಸಾಹೇಬ್ರಿಗಿ ಬರೀತೀನಿ" ಎಂದರು. ಕೈಮುಗಿದೆ, ಕಾಲು ಹಿಡಿಯುವುದೊಂದು ಬಾಕಿ. ಒಂದು ತಿಂಗಳು ಆಫೀಸಿಗೆ ಟಪಾಲು ಬಂದಾಗಲೆಲ್ಲ ನನ್ನ ಎದೆಯೇ ಸುಟ್ಟಂತಾಗುತ್ತಿತ್ತು.

ಮುಂದಿನ ತಿಂಗಳು ಕಳ್ಳನ ಹಾಗೆ ಒಳಗೆ ಕಾಲಿಟ್ಟರೆ ಆ ರೈತರು ಗಟ್ಟಿಮುಟ್ಟಾಗಿ ಬೆಂಚಿನ ಮೇಲೆ ಕೂತಿದ್ದಾರೆ! ಬೇರೆ ಊರಲ್ಲಿ ತೋರಿಸಿ, ಏನೂ ಇಲ್ಲ ಅನ್ನಿಸಿಕೊಂಡು ಬಂದಿದ್ದರು. ಡಾಕ್ಟರು ಒಳಗೆ ಕರೆದರೆ ಅವರು ಏಳಲೇ ಇಲ್ಲ.

"ನೀವ್ ಬ್ಯಾಡ್ರಿ. ಆ ಬ್ಯಾಟರಿ ಡಾಕ್ಟರ್ ಬಂದಾರಲ್ರಿ, ಅವರೇ ನೋಡ್ಲಿ. ತಪ್ಪೋ ಖರೇನೋ, ಇದ್ದದ್ದು ಬಾಯಿ ಬಿಟ್ಟು ಹೇಳ್ತಾರ. ಮ್ಯಾಲ ಫೀಸೂ ಕೇಳಂಗಿಲ್ಲ."

ಮೂರು ಬಿಳಿ ಮುಖ

ಹುಮನಾಬಾದಿಗೆ ಹೋದ ಮೇಲೆ ಒಂದು ಮಧ್ಯಾಹ್ನ. ಕಿರಾಣಿ ಅಂಗಡಿಯಾಗಿದ್ದ ಕಟ್ಟಡದಲ್ಲಿ ಹೊಸದಾಗಿ ಬ್ಯೂಟಿ ಪಾರ್ಲರ್. ಕರೆಂಟ್ ಹೋಗಿತ್ತು. ಪಾರ್ಲರಿನ ಅಕ್ಕ ಹೊಸ್ತಿಲ ಮೇಲೆ ಗಾಳಿಗೆ ಕೂತಿದ್ದವರು, ಒಳಗೆ ಗಿರಾಕಿಗಳಿರುವುದನ್ನು ಮರೆತು, "ಹಿಂದಿನ ಖೋಲ್ಯಾಗ ಅದ ಅಣ್ಣಾ, ಜಲ್ದಿ ನೋಡಿ ಬರ್ರಿ" ಎಂದರು. ಹೋದೆ. ಬ್ಯಾಟರಿ ಬಿಟ್ಟೆ. ಸಾಲಾಗಿ ಮೂರು ಬಿಳಿ ಮುಖ, ಕಣ್ಣಿದ್ದ ಕಡೆ ಸೌತೆಕಾಯಿಯ ಬಿಲ್ಲೆ.

ಅಲ್ಲೇ ನೆಲಕ್ಕೆ ಬಿದ್ದು ಕೈಮುಗಿದೆ. ನಡುವಿನ ಮುಖ, ಲೇಪ ಒಡೆಯದ ಹಾಗೆ, ತುಟಿ ಅಲ್ಲಾಡಿಸದೆ ಕೇಳಿತು: "ಕರೆಂಟ್ ಯಾವಾಗ ಬರ್ತದ್ರಿ?"

"ನಾಕಕ್ಕ ಬರ್ತದ್ರೀ ತಾಯಿ, ನನ್ನ ಬಿಟ್ಟುಬಿಡ್ರಿ!" ಎಂದು ಚೀರಿದೆ.

ಆ ನಡುವಿನ ಮುಖ ಆಗಿನ ನಮ್ಮ ಸಾಹೇಬರ ಹೆಂಡತಿಯದು ಎಂದು ಸಂಜೆ ತಿಳಿಯಿತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಮರುದಿನ ಅವರೇ ರಸ್ತೆಯಲ್ಲಿ ನಿಲ್ಲಿಸಿ, ನನಗಿಂತ ಹೆಚ್ಚು ಹೆದರಿಕೊಂಡು ಪಿಸುಗುಟ್ಟಿದರು: "ಅಣ್ಣಾ, ಸಾಹೇಬ್ರಿಗಿ ಹೇಳಬ್ಯಾಡ್ರಿ. ನಾ ಮಾರಿಗಿ ಮನ್ಯಾಗಿನ ಕಡ್ಲಿಹಿಟ್ಟೇ ಹಚ್ಕೋತೀನಿ ಅಂತ ಅವರು ತಿಳ್ಕೊಂಡಾರ."

ದೆವ್ವಕ್ಕೆ ಎರಡು ಯೂನಿಟ್

ಹುಮನಾಬಾದಿನ ಒಂದು ಕಿರಾಣಿ ಅಂಗಡಿಗೆ ಮಾತ್ರ ನಾನು ಕಾಲಿಡಲಿಲ್ಲ. ಅಂಗಡಿ ನಡೆಸುತ್ತಿದ್ದ ಅಜ್ಜಿ ತೀರಿಕೊಂಡು, ನಾನು ಆ ಊರಿಗೆ ಬರುವ ಎಷ್ಟೋ ವರ್ಷ ಮೊದಲೇ ಅದಕ್ಕೆ ಬೀಗ ಬಿದ್ದಿತ್ತು. ಆದರೂ ಒಳಗಿನಿಂದ ತಕ್ಕಡಿಯ ಠಣ್ ಠಣ್ ಶಬ್ದ ಕೇಳುತ್ತಿತ್ತು. "ಮುದುಕಿ ಇನ್ನೂ ತೂಗಲಾಕತ್ಯಾಳ" ಎನ್ನುತ್ತಿದ್ದರು ಓಣಿಯವರು. ಪಕ್ಕದ ಮನೆಯಲ್ಲಿ ಕೀಲಿ ಇದ್ದರೂ ನಾನು ಕೇಳಲಿಲ್ಲ. ರಸ್ತೆಯಲ್ಲೇ ನಿಂತು, ಹಿಂದಿನ ತಿಂಗಳ ಅಂಕಿಗೆ ಎರಡು ಯೂನಿಟ್ ಕೂಡಿಸಿ ಬರೆದು ಓಡುತ್ತಿದ್ದೆ. ದೆವ್ವಕ್ಕೆ ಅದಕ್ಕಿಂತ ಹೆಚ್ಚು ಕರೆಂಟ್ ಯಾಕೆ ಬೇಕು?

ಮೂರು ವರ್ಷ ಹೀಗೆ ನಡೆಯಿತು. ಕೊನೆಗೆ ಖಾಯಂ ಮಾಡುವವರ ಪಟ್ಟಿ ಕಳಿಸುವ ತಿಂಗಳು ಬಂತು. ಸರಿಯಾಗಿ ಅದೇ ತಿಂಗಳು ಒಬ್ಬ ಹೆಣ್ಣುಮಗಳು ಆ ಅಂಗಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆಯುತ್ತೇನೆಂದು ಅರ್ಜಿ ಕೊಟ್ಟರು. ಹಳೆಯ ಮೀಟರನ್ನು ಸಾಹೇಬರೇ ಬಂದು ನೋಡಬೇಕು. ಹೊಸದಾಗಿ ಬಂದಿದ್ದ ಸಾಹೇಬರು, ಬಡ್ತಿ ಸಿಗುವ ಮುಂಚೆ ಇದೇ ಓಣಿಯಲ್ಲಿ ಮೀಟರ್ ನೋಡುತ್ತಿದ್ದವರು. ನನ್ನ ಸುಳ್ಳು ಅಂಕಿ ಇವತ್ತು ಸಿಕ್ಕಿಬೀಳುತ್ತದೆ, ಹನ್ನೆರಡು ವರ್ಷ ನೀರಿಗೆ ಹೋಯಿತು ಎಂದುಕೊಳ್ಳುತ್ತ ಅವರ ಹಿಂದೆ ನಡೆದೆ.

ಬೀಗ ತೆಗೆದರು. ಸಾಹೇಬರು ಬಾಗಿಲ ಮುಂದೆ ನಿಂತೇ ಬಿಟ್ಟರು.

"ನಡೀಪಾ, ನೀ ಮುಂದ ನಡಿ."

"ದೊಡ್ಡವರು ತಾವು ಮುಂದ ನಡೀರಿ ಸರ್."

ನಮ್ಮ ಮರ್ಯಾದೆ ನೋಡಿ ಸಾಕಾಗಿ ಆ ಹೆಣ್ಣುಮಗಳೇ ಒಳಗೆ ಹೋದರು. ಒಳಗೆ ಠಣ್ ಎಂದಿತು. ನಾನು ಸಾಹೇಬರ ಕೈ ಹಿಡಿದೆ, ನೋಡಿದರೆ ಅವರು ನನ್ನ ಕೈಯನ್ನು ಮೊದಲೇ ಹಿಡಿದಿದ್ದರು.

"ತಕ್ಕಡಿ ಮ್ಯಾಲ ಪಾರಿವಾಳ ಕುಂತದ್ರಿ!" ಎಂದು ಒಳಗಿನಿಂದ ಕೂಗು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು: "ಸರ್, ಇಲ್ಲಿ ಮೀಟರೇ ಇಲ್ಲಲ್ರಿ! ಯಾವಾಗೋ ಯಾರೋ ಕಿತ್ಕೊಂಡ್ ಹೋಗ್ಯಾರ, ಬರೀ ನಾಕು ಮೊಳಿ ತೂತು ಅದಾವ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ನನ್ನನ್ನು ಬದಿಗೆ ಎಳೆದುಕೊಂಡು ಹೋದರು.

"ಎಷ್ಟು ವರ್ಷದಿಂದ ಬರೀಲಾಕತ್ತಿ?"

"ಮೂರು ವರ್ಷ ಸರ್. ತಪ್ಪಾತ್ರಿ. ಹಿಂದಿನವರ ಅಂಕಿ ಮ್ಯಾಲ ತಿಂಗಳಿಗಿ ಎರಡೆರಡು ಕೂಡಿಸ್ಕೊಂತ ಬಂದೀನ್ರಿ."

ಸಾಹೇಬರು ಬೆವರು ಒರೆಸಿಕೊಂಡರು. ಆಚೀಚೆ ನೋಡಿ, ಬಹಳ ಸಣ್ಣ ದನಿಯಲ್ಲಿ ಹೇಳಿದರು: "ನಾ ಮೂರು ಕೂಡಿಸ್ತಿದ್ನಲ್ಲೋ."

ಆ ವಾರವೇ ಪಟ್ಟಿ ಹೋಯಿತು. ನನ್ನ ಹೆಸರಿನ ಎದುರು ಸಾಹೇಬರು ಸ್ವಂತ ಅಕ್ಷರದಲ್ಲಿ ಬರೆದಿದ್ದರು: "ಹಿಂದಿನವರ ಹಾದಿಯಲ್ಲೇ ನಿಷ್ಠೆಯಿಂದ ನಡೆಯುತ್ತಾರೆ. ಖಾಯಂ ಮಾಡಬಹುದು."