ಜೆ. ಮನೆತನದ ಐದು ಮಂದಿ

ಕಳೆದ ಭಾನುವಾರ ಬೆಳಿಗ್ಗೆ ರಾಯಲ್ಪಾಡಿನಲ್ಲಿ ನಾನು ಒಂದು ತಪ್ಪು ತಿದ್ದಿದೆ. ತಿದ್ದುವುದು ನನ್ನ ಕಸುಬು. ಕೋಲಾರದ ಪತ್ರಿಕೆಯೊಂದರಲ್ಲಿ ಬೇರೆಯವರ ಬರಹ ತಿದ್ದಿಯೇ ತಲೆ ನರೆತಿದೆ. ಮದುವೆಯ ಕರೆಯೋಲೆಯನ್ನೂ ಪೆನ್ನು ಹಿಡಿದು ಓದುವವನನ್ನು ನೆಂಟರು ಹೇಗೆ ನೋಡುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಚಟ ಬಿಟ್ಟಿಲ್ಲ.

ನನ್ನ ಹೆಂಡತಿಯ ಅಣ್ಣ ಚೌಡಪ್ಪ ಭಾವ ಗ್ರಂಥಾಲಯದ ಕೆಲಸದಿಂದ ನಿವೃತ್ತರಾಗಿ ಮಾವಿನ ತೋಟ ನೋಡಿಕೊಂಡಿದ್ದಾರೆ. ಈಚೆಗೆ ಅವರಿಗೆ ಫೋನಿನಲ್ಲಿ, ನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬೊಂದರ ಆಟಗಾರರ ಪಟ್ಟಿ ಸಿಕ್ಕಿತು. ಜೊತೆಗೆ ಆ ವರ್ಷದ ಪಂದ್ಯಗಳ ದಾಖಲೆ. ಸೋಲಿನ ಕಾಲಮ್ಮಿನಲ್ಲಿ ಸೊನ್ನೆ. ಭಾವ ಬೆರಗಾದದ್ದು ಸೊನ್ನೆಗಿಂತ ಹೆಚ್ಚಾಗಿ ಹೆಸರುಗಳಿಗೆ. ಹನ್ನೊಂದರಲ್ಲಿ ಐದು ಹೆಸರಿನ ಮುಂದೆ 'ಜೆ.' ಎಂದಿತ್ತು. ರಾಯಲ್ಪಾಡಿನ ಕಡೆ ಹೆಸರಿನ ಮುಂದಿನ ಅಕ್ಷರವೆಂದರೆ ಇಂಟಿಪೇರು, ಮನೆತನದ ಹೆಸರು. ಅಲ್ಲಿಗೆ ಲೆಕ್ಕ ಮುಗಿಯಿತು: ಒಂದೇ ಮನೆಯ ಐವರು ಅಣ್ಣತಮ್ಮಂದಿರು ವರ್ಷವಿಡೀ ಒಬ್ಬರಿಗೊಬ್ಬರು ಚೆಂಡು ಕೊಟ್ಟುಕೊಂಡು ಸೋಲದೆ ಆಡಿದ್ದಾರೆ.

ಭಾವನಿಗೂ ಇಬ್ಬರು ತಮ್ಮಂದಿರಿದ್ದಾರೆ. ತೋಟ ಭಾಗವಾದ ಮೇಲೆ, ಮೂರಕ್ಕೂ ಇದ್ದ ಒಂದೇ ಬೋರ್‌ವೆಲ್ಲಿನ ಜಗಳದಲ್ಲಿ ಮೂವರಿಗೂ ಮಾತು ನಿಂತಿತ್ತು. ಭಾವ ಆ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಇಬ್ಬರ ಬಾಗಿಲಿಗೂ ಹೋಗಿ ಓದಿ ಬಂದಿದ್ದರು. ಭಾನುವಾರ ಊಟಕ್ಕೆ ಬರುವುದಾಗಿ ಇಬ್ಬರೂ ಒಪ್ಪಿದ್ದರು. ಒಲೆಯ ಮೇಲೆ ಕೋಳಿ ಬೇಯುತ್ತಿತ್ತು. ಆಗ ನಾನು ಪಟ್ಟಿ ಇಸಕೊಂಡು ನೋಡಿದೆ. ಜೆ. ಅನ್ನುವುದು ಅವರವರ ಸ್ವಂತ ಹೆಸರು, ಒಬ್ಬ ಜಾನ್, ಇನ್ನೊಬ್ಬ ಜೇಮ್ಸ್, ಮತ್ತೊಬ್ಬ ಜೋಸೆಫ್ ಇರಬಹುದು, ಅವರಲ್ಲಿ ಮನೆತನ ಕೊನೆಗೆ ಬರುತ್ತದೆ, ಐವರದೂ ಬೇರೆ ಬೇರೆ ಮನೆತನ ಎಂದು ವಿವರಿಸಿದೆ. ಅಡುಗೆಮನೆಯಿಂದ ಹೆಂಡತಿ ನನ್ನನ್ನು ನೋಡಿದಳು. ಆ ನೋಟದ ವಿವರ ಇಲ್ಲಿ ಕೊಡುವುದಿಲ್ಲ.

ಭಾವ ಕಾಗದದ ಮೇಲಿನ ಐದು ಜೆ.ಗಳನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿದರು.

"ಅಂದ್ರೆ ಅಣ್ಣತಮ್ಮಂದಿರೇ ಅಲ್ವಾ?"

"ಅಲ್ಲ ಭಾವ."

"ಸಂಬಂಧಾನೇ ಇಲ್ದೋರು ವರ್ಷಪೂರ್ತಿ ಒಬ್ರಿಗೊಬ್ರು ಚೆಂಡು ಕೊಟ್ಕೊಂಡ್ರಾ? ಅಬ್ಬಬ್ಬಾ. ಇದು ಅದಕ್ಕಿಂತ ದೊಡ್ಡದು ಕಣಪ್ಪ."

ತಮ್ಮಂದಿರು ಬಂದಾಗ ಭಾವ ಹೇಳಿದ ಮೊದಲ ಮಾತೂ ಅದೇ. ನನ್ನ ತಿದ್ದುಪಡಿಯನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಇಬ್ಬರೂ ಚಪ್ಪಲಿ ಬಿಡುವುದನ್ನೂ ಮರೆತು ನಿಂತು ಕೇಳಿದರು. ಕಿರಿಯವನು ಮೆಲ್ಲಗೆ, "ನಾವು ಒಂದೇ ಇಂಟಿಪೇರು ಇಟ್ಕೊಂಡು ಬೋರ್‌ವೆಲ್ ಸ್ವಿಚ್ಚಿಗೆ ಬೀಗ ಹಾಕ್ಕೊಂಡಿದ್ದೀವಲ್ಲಣ್ಣಾ" ಎಂದ. ನಡುವಿನವನು ಜೇಬು ತಡಕಿ ಬೀಗದ ಕೈ ತೆಗೆದು ಪಟ್ಟಿಯ ಮೇಲಿಟ್ಟ.

ಸೋಮವಾರದಿಂದ ಮೂರು ಭಾಗಕ್ಕೂ ನೀರು ಹಾಯುತ್ತಿದೆ. ಮೂವರೂ ಮಾತಾಡುತ್ತಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ, ನನ್ನ ಹೆಂಡತಿ ನನ್ನೊಡನೆ ಇನ್ನೂ ಮಾತು ಶುರುಮಾಡಿಲ್ಲ.