ಕೆಂಚನಿಗೆ ಕಡಲು ತೋರಿಸಿದ್ದು

“ಈ ಸಲ ಗಡಿಬಿಡಿಯೇ ಇಲ್ಲ! ಸುಳ್ಯದಲ್ಲಿ ಕಾಫಿ, ಪುತ್ತೂರಲ್ಲಿ ಊಟ, ಸಂಜೆಗೆ ಉಳ್ಳಾಲದ ಕಡಲು. ನಾಯಿ ಸಮೇತ!” ಎಂದು ಬಿಟ್ಟಂಗಾಲದ ಕುಟ್ಟಪ್ಪ ಘೋಷಿಸಿದಾಗ ಹೆಂಡತಿ ದಮಯಂತಿ ಹಣೆ ಚಚ್ಚಿಕೊಂಡಳು. ಏಕೆಂದರೆ ನಾಯಿ ಅವರದ್ದಲ್ಲ, ಅಮ್ಮತ್ತಿಯಲ್ಲಿರುವ ಅವಳ ತಾಯಿ ಬೊಳ್ಳಮ್ಮನದು. ಬೊಳ್ಳಮ್ಮ ಕಾಫಿ ತೋಟ ಸುತ್ತುವುದು ಆ ಕೆಂಚನ ಜೊತೆಗೇ. ಊಟಕ್ಕೆ ಕುಳಿತರೆ ಮೊದಲ ತುತ್ತೂ ಅವನಿಗೇ.

“ಕರ್ಕೊಂಡು ಹೋಗು. ಆದ್ರೆ ಸಂಜೆ ವಿಡಿಯೋದಲ್ಲಿ ನನಗೆ ಅವನನ್ನು ತೋರಿಸ್ಬೇಕು,” ಎಂದರು ಬೊಳ್ಳಮ್ಮ ಅಳಿಯನಿಗೆ. ಅವರು ‘ಬೇಕು’ ಎಂದರೆ ತೋಟದ ಲೆಕ್ಕ ಬರೆಯುವ ರೈಟರ್ ಕೂಡ ನೆಟ್ಟಗೆ ನಿಲ್ಲುತ್ತಾನೆ.

“ಸರಪಳಿ ತಕೊಳ್ಳಿ,” ಎಂದಳು ದಮಯಂತಿ.

“ಸರಪಳಿಯಾ? ಕೆಂಚ ಶಿಸ್ತಿನ ಸಿಪಾಯಿ! ಕಾಫಿ ಪಿಕ್ಕಿಂಗ್ ದಿನ ಜೀಪು ಎರಡು ಸಲ ಹಾರ್ನ್ ಹೊಡೆದ್ರೆ ಆಳುಗಳಿಗಿಂತ ಮೊದಲು ಹಿಂದೆ ಹತ್ತಿ ಕೂರೋದು ಯಾರು?”

ಸಂಪಾಜೆ ಘಾಟಿ ಇಳಿಯುವಷ್ಟು ಹೊತ್ತೂ ಸಿಪಾಯಿ ಕೆಂಚ ಕಾರಿನ ಹಿಂದಿನ ಸೀಟಿನಿಂದ ಕುಟ್ಟಪ್ಪನ ಹೆಗಲ ಮೇಲೆ ಗದ್ದ ಇಟ್ಟು ಅಂಗಿ ಪೂರ್ತಿ ಜೊಲ್ಲು ಸುರಿಸಿದ. ಕುಟ್ಟಪ್ಪನಿಗೆ ಅದೂ ಹೆಮ್ಮೆಯೇ!

ಸುಳ್ಯದ ಹೋಟೆಲಿನಲ್ಲಿ ಗೋಳಿಬಜೆ ತಿಂದು ಕೈ ತೊಳೆಯುತ್ತಿದ್ದಾಗ ಹೊರಗೆ ‘ಪೀಂ, ಪೀಂ’ ಎಂದಿತು. ಟಾರ್ಪಲ್ ಹಾಕಿದ ಯಾರದೋ ಜೀಪು. ಕುಟ್ಟಪ್ಪ ತಿರುಗಿ ನೋಡುವಷ್ಟರಲ್ಲಿ ಕರ್ತವ್ಯನಿಷ್ಠ ಕೆಂಚ ನೆಗೆದಾಗಿತ್ತು. ಟಾರ್ಪಲಿನೊಳಗೆ ಮಾಯವಾಗುತ್ತಿದ್ದ ಬಾಲವೊಂದೇ ಕಂಡಿತು. ಒದ್ದೆ ಕೈಯಲ್ಲೇ ಓಡಿ ಬಂದರೆ ಜೀಪಿಲ್ಲ, ಒಣಮೀನಿನ ವಾಸನೆ ಮಾತ್ರ ಇತ್ತು.

“ಮೀನಿನ ಜೀಪು! ಕಡಲ ಕಡೆಗೇ ಹೋಗಿರ್ತದೆ. ಹತ್ತು, ಹತ್ತು!”

“ಕಡಲಿಗೆ ಯಾರಾದ್ರೂ ಒಣಮೀನು ತಕೊಂಡು ಹೋಗ್ತಾರಾ? ಹೋಟ್ಲಲ್ಲಿ ಒಂದು ಮಾತು ಕೇಳಿ ನೋಡಿ.”

“ವ್ಯಾಪಾರದ ವಿಷಯ ನಿನಗೆ ಗೊತ್ತಾಗಲ್ಲ!”

ಆರಾಮದ ಪ್ರವಾಸ ಅಲ್ಲಿಗೆ ಮುಗಿಯಿತು. ಪುತ್ತೂರಿನಲ್ಲಿ ಊಟವಿಲ್ಲ. ಕಂಡ ಕಂಡ ಜೀಪಿನ ಟಾರ್ಪಲ್ ಎತ್ತಿ ಕುಟ್ಟಪ್ಪ “ಕೆಂಚಾ, ಕೆಂಚಾ” ಎಂದು ಕೂಗಿದ. ಒಂದರಲ್ಲಿ ಕೋಳಿಗಳಿದ್ದವು. ಇನ್ನೊಂದರಲ್ಲಿ ಮಲಗಿದ್ದ ಕ್ಲೀನರ್ ಎದ್ದು ತುಳುವಿನಲ್ಲಿ ಬೈದ. ಬಿ.ಸಿ. ರೋಡಿನಲ್ಲಿ ಜನ ಸೇರಿ ಇವನನ್ನೇ ಕಳ್ಳನೆಂದು ಹಿಡಿಯುವುದರಲ್ಲಿದ್ದರು!

“ಅವ್ವನಿಗೆ ಏನಂತ ಹೇಳ್ಲಿ?” ಎಂದು ದಮಯಂತಿ ದಾರಿಯುದ್ದಕ್ಕೂ ಅತ್ತಳು. ಕುಟ್ಟಪ್ಪನಿಗೂ ಅಳು ಬಂತು. ಹೆಗಲ ಮೇಲೆ ಜೊಲ್ಲು ಒಣಗಿತ್ತು. ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ.

ಉಳ್ಳಾಲ ತಲುಪಿದಾಗ ಸೂರ್ಯ ಮುಳುಗುತ್ತಿದ್ದ. ಯಾರಿಗೆ ಬೇಕಿತ್ತು ಸೂರ್ಯ! ದಮಯಂತಿ ಅಂಗಡಿಯವರನ್ನು ವಿಚಾರಿಸಲು ಹೋದಳು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಬೊಳ್ಳಮ್ಮ!

ಭಯ ಮನುಷ್ಯನನ್ನು ಯಾವ ಮಟ್ಟಕ್ಕೆ ಇಳಿಸುತ್ತದೆ ನೋಡಿ. ಮರಳಿನಲ್ಲಿ ಒಂದು ಕಂದು ಬೀದಿನಾಯಿ ಕುಳಿತಿತ್ತು. ಕುಟ್ಟಪ್ಪ ಅದರ ಮುಂದೆ ಬಿಸ್ಕತ್ತು ಚೆಲ್ಲಿ, ಹಿಂದೆ ಬಂದು ನಿಂತು ಫೋನ್ ಹಿಡಿದ.

“ನೋಡಿ ಮಾವಿ, ಕೆಂಚ ಕಡಲು ನೋಡ್ತಾ ಇದ್ದಾನೆ. ಈ ಕಡೆ ತಿರುಗ್ತಾನೇ ಇಲ್ಲ!”

“ಬಾಲ ಉದ್ದ ಆದ ಹಾಗಿದೆ?”

“ಉಪ್ಪು ಗಾಳಿ, ಮಾವಿ.”

“ಹೌದಾ? ಹಾಗಾದ್ರೆ ಇಲ್ಲಿ ಅನ್ನ ತಿಂತಾ ಇರೋನು ಯಾರು?”

ಬೊಳ್ಳಮ್ಮ ಫೋನ್ ತಿರುಗಿಸಿದರು. ಅಮ್ಮತ್ತಿಯ ಜಗಲಿಯಲ್ಲಿ ಕೆಂಚ ತಟ್ಟೆ ನೆಕ್ಕುತ್ತಿದ್ದ! ಆ ಜೀಪು ಒಣಮೀನು ಇಳಿಸಲು ಘಾಟಿ ಹತ್ತಿ ನೇರ ಅಮ್ಮತ್ತಿ ಪೇಟೆಗೇ ಹೋಗಿತ್ತಂತೆ. ಬೊಳ್ಳಮ್ಮನ ನಾಯಿಯನ್ನು ಗುರುತಿಸದವರು ಆ ಪೇಟೆಯಲ್ಲಿ ಯಾರಿದ್ದಾರೆ? ಮಧ್ಯಾಹ್ನವೇ ಮನೆಗೆ ತಂದು ಬಿಟ್ಟಿದ್ದರು.

ಕುಟ್ಟಪ್ಪನಿಗೆ ಹೋದ ಜೀವ ಬಂತು.

“ನಾಯಿ ಹೇಗೋ ಮನೆ ಸೇರಿತು ಕುಟ್ಟಪ್ಪ,” ಎಂದರು ಬೊಳ್ಳಮ್ಮ ತಣ್ಣಗೆ. “ನನ್ನ ಮಗಳಾದ್ರೂ ಇದ್ದಾಳಾ? ತೋರಿಸು. ಹಿಂದಿನಿಂದ ಬೇಡ, ಮುಖ ತೋರಿಸು.”